ಕೆರೆದು ತೆಗೆದ ಕೊಳವೆ

ಮದ್ದೂರಿನ ಆ ಕಚೇರಿಯಲ್ಲಿ ಮೊದಲ ದಿನ ನನ್ನನ್ನು ಪರಿಚಯಿಸಿದ್ದು "ಇವ್ರು ನಮ್ಮ ಲೋಕಲ್ ನಾಲೆಡ್ಜು" ಎಂಬ ಮಾತಿನಿಂದ. ಹಾಗೆಂದವರು ಮದ್ದೂರು–ಮಳವಳ್ಳಿ ರಸ್ತೆಯ ಅಗಲೀಕರಣಕ್ಕೆ ನಕ್ಷೆ ಮಾಡಿಕೊಡುತ್ತಿದ್ದ ಖಾಸಗಿ ಸಂಸ್ಥೆಯ ಮ್ಯಾನೇಜರು. ಮೂವತ್ತನಾಲ್ಕು ವರ್ಷ ಸರ್ಕಾರಿ ಉಪವಿಭಾಗದಲ್ಲಿ ನಕ್ಷೆಗಾರನಾಗಿ ದುಡಿದು ನಿವೃತ್ತನಾದವನು ನಾನು. ನನಗೊಂದು ಹುದ್ದೆಯಿತ್ತು, ಆ ಹುದ್ದೆಗೊಂದು ಹೆಸರೂ ಇತ್ತು. ಅದನ್ನು ಬಿಟ್ಟು, ದಾರಿಹೋಕನನ್ನು ನಿಲ್ಲಿಸಿ ವಿಳಾಸ ಕೇಳುವಾಗ ಅವನಿಗಿರುವಷ್ಟೇ ಬೆಲೆಯನ್ನು ನನಗೆ ಕಟ್ಟಿದರು. ಕೂರಲು ತೋರಿಸಿದ ಪ್ಲಾಸ್ಟಿಕ್ ಕುರ್ಚಿಯ ಒಂದು ಕಾಲು ಗಿಡ್ಡವಾಗಿತ್ತು. ಇದನ್ನು ದೂರಿಗಾಗಿ ಬರೆಯುತ್ತಿಲ್ಲ. ಇದ್ದದ್ದನ್ನು ಇದ್ದ ಅಳತೆಯಲ್ಲಿ ಬರೆಯುವುದು ನನ್ನ ವೃತ್ತಿ ಕಲಿಸಿದ ಅಭ್ಯಾಸ.

ಅವರು ನನ್ನನ್ನು ಕರೆಸಲು ಕಾರಣವಿತ್ತು. ಅದೇ ರಸ್ತೆಯ ಒಂದು ಊರಿನಲ್ಲಿ ಚರಂಡಿಗೆ ಅಗೆಯುವಾಗ ಜೆಸಿಬಿಯ ಹಲ್ಲಿಗೆ ಕುಡಿಯುವ ನೀರಿನ ಕೊಳವೆ ಸಿಕ್ಕಿ ಒಡೆದಿತ್ತು. ಹೆಂಗಸರು ಖಾಲಿ ಬಿಂದಿಗೆಗಳನ್ನು ತಂದು ರಸ್ತೆಯ ಮೇಲಿಟ್ಟು ಕುಳಿತಿದ್ದರು. ಆಮೇಲೆ ಇಲಾಖೆಯಿಂದ ಆದೇಶ ಬಂತು: ನೆಲದಡಿಯ ಪ್ರತಿಯೊಂದು ಕೊಳವೆಯನ್ನೂ ಕೇಬಲನ್ನೂ ರಸ್ತೆಯ ಪ್ರತಿ ಅಡ್ಡಕೊಯ್ತದಲ್ಲಿ ತೋರಿಸತಕ್ಕದ್ದು. ರಸ್ತೆಯನ್ನು ಬಾಳೆದಿಂಡಿನ ಹಾಗೆ ಅಡ್ಡಲಾಗಿ ಕೊಯ್ದರೆ ಕಾಣುವ ಮುಖವೇ ಅಡ್ಡಕೊಯ್ತ. ನಡುವೆ ಡಾಂಬರು, ಎರಡು ಬದಿಗೆ ಮಣ್ಣಿನ ಅಂಚು, ಅದರಾಚೆ ಚರಂಡಿ. ನೆಲದೊಳಗೆ ಕೊಳವೆಯಿದ್ದರೆ ಅದೊಂದು ಸಣ್ಣ ವೃತ್ತ. ಕರೆಂಟಿನವರು, ದೂರವಾಣಿಯವರು ತಮ್ಮ ತಮ್ಮ ಗೆರೆಗಳನ್ನು ಕೊಟ್ಟಿದ್ದರು. ಮುಂದಿನ ಊರಿನಲ್ಲಿದ್ದ ಒಂದು ಹಳೆಯ ಬೀಡು ಕಬ್ಬಿಣದ ಕೊಳವೆಯ ಬಗ್ಗೆ ಮಾತ್ರ ಯಾರ ಬಳಿಯೂ ಕಾಗದವಿರಲಿಲ್ಲ. ಅದರಲ್ಲಿ ಇಂದಿಗೂ ನೀರು ಹರಿಯುತ್ತದೆ, ಎಲ್ಲಿ ಹರಿಯುತ್ತದೆ ಎಂಬುದು ಗೊತ್ತಿಲ್ಲ. ಇಲಾಖೆಯಲ್ಲಿ ಯಾರೋ ನನ್ನ ನೆನಪು ಮಾಡಿಕೊಂಡರಂತೆ.

ನಿಜ ಹೇಳಬೇಕೆಂದರೆ ಆ ಕೊಳವೆಯ ಜಾಗ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನನ್ನ ಹೆಂಡತಿ. ಅವಳು ತೀರಿಕೊಂಡು ಈ ಕಾರ್ತೀಕಕ್ಕೆ ನಾಲ್ಕು ವರ್ಷ ತುಂಬುತ್ತದೆ.

ಅವಳು ಅದೇ ಉಪವಿಭಾಗದಲ್ಲಿ ಟ್ರೇಸರ್ ಆಗಿದ್ದಳು. ನಾನು ಪೆನ್ಸಿಲಿನಲ್ಲಿ ಬರೆದ ಹಾಳೆಯ ಮೇಲೆ ಟ್ರೇಸಿಂಗ್ ಬಟ್ಟೆಯನ್ನು ಹಾಸಿ, ಕೆಳಗಿನಿಂದ ಕಾಣುವ ಗೆರೆಗಳನ್ನು ಕಪ್ಪು ಶಾಯಿಯಲ್ಲಿ ತಿದ್ದುವುದು ಅವಳ ಕೆಲಸ. ಗಂಜಿ ಹಾಕಿ ನಯಮಾಡಿದ, ತೆಳುನೀಲಿ ಛಾಯೆಯ ಆ ಹತ್ತಿಬಟ್ಟೆಯನ್ನು ಕಂಡವರು ಈಗ ಎಷ್ಟು ಜನ ಉಳಿದಿದ್ದಾರೋ ಅರಿಯೆ. ರದ್ದಾದ ನಕ್ಷೆಗಳನ್ನು ಕಚೇರಿಯವರು ಮನೆಗೆ ಒಯ್ದು, ಬಿಸಿನೀರಿನಲ್ಲಿ ನೆನೆಸಿ, ಗಂಜಿಯನ್ನೂ ಶಾಯಿಯನ್ನೂ ಬಿಡಿಸಿ, ಕರವಸ್ತ್ರ ಹೊಲಿದುಕೊಳ್ಳುತ್ತಿದ್ದರು. ಅಷ್ಟು ಮೆತ್ತನೆಯ ಬಟ್ಟೆ ಮಂಡ್ಯದ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಮೂರು ದಶಕ ನಾನು ಮುಖ ಒರೆಸಿಕೊಂಡದ್ದು ಹಳೆಯ ಸೇತುವೆಗಳಿಂದ, ಕಟ್ಟದೇ ಹೋದ ವಸತಿಗೃಹಗಳಿಂದ.

ಅವಳ ತಂದೆ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನೀರುಗಂಟಿ. ನಾಲೆಯ ನೀರನ್ನು ಸರದಿಯಂತೆ ಗದ್ದೆಗದ್ದೆಗೆ ಬಿಡುವವರು. ಅವರಿಂದ ಅವಳಿಗೆ ಬಂದದ್ದು ಒಂದು ಗೀಳು. ನೀರು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂಬುದು ತಿಳಿಯದೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ನಮ್ಮ ಮದುವೆಯಾದ ಮೊದಲ ವರ್ಷ, ಈಗ ಹೇಳುತ್ತಿರುವ ಊರಿನ ಅಡ್ಡಕೊಯ್ತಗಳ ಹಾಳೆ ಅವಳ ಪಾಲಿಗೆ ಬಂತು. ಒಂದು ಭಾನುವಾರ ತವರಿಗೆಂದು ಹೊರಟವಳು ನಡುದಾರಿಯಲ್ಲಿ ಬಸ್ಸಿಳಿದು, ಆ ಊರಿನ ನೀರು ಬಿಡುವವನ ಜೊತೆ ಕೊಳವೆಯುದ್ದಕ್ಕೂ ನಡೆದು, ಒಂದೊಂದು ಅಳತೆಯನ್ನೂ ಪುಸ್ತಕದಲ್ಲಿ ಬರೆದುಕೊಂಡು ಬಂದಳು. ಯಾರೂ ಹೇಳಿರಲಿಲ್ಲ. ಆ ಕೆಲಸಕ್ಕೆ ಭತ್ಯೆಯೂ ಇರಲಿಲ್ಲ.

ಆಗ ನಾವಿಬ್ಬರೂ ಮಂಡ್ಯದಿಂದ ಮದ್ದೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿಬರುತ್ತಿದ್ದೆವು. ಒಂದು ಬೆಳಿಗ್ಗೆ ನಡುವಿನ ಸಣ್ಣ ನಿಲ್ದಾಣದಲ್ಲಿ ಕ್ರಾಸಿಂಗಿಗಾಗಿ ರೈಲು ನಿಂತಿದ್ದಾಗ ಅವಳು ಕೇಳಿದಳು: "ಅಲ್ಲ ಕಣ್ರೀ, ನಮ್ ಶೀಟಿನಲ್ಲಿ ಅಡ್ಡಕ್ಕೊಂದು ಸ್ಕೇಲು, ಮೇಲ್ಕೆಳಕ್ಕೆ ಅದ್ಕಿಂತ ದೊಡ್ಡ ಸ್ಕೇಲು. ಅಂದ್ಮೇಲೆ ಪೈಪು ಗುಂಡುಗೆ ಎಂಗ್ ಬತ್ತದೆ? ಮೊಟ್ಟೆ ಥರ ಉದ್ದುಕ್ ಬರ್ಬೇಕಲ್ವಾ?"

"ಪೈಪು ಎಲ್ಲಾದ್ರೂ ಮೊಟ್ಟೆ ಥರ ಇರುತ್ತೇನೆ?" ಎಂದು ನಾನು ನಕ್ಕೆ. ಎದುರಿನ ಬೆಂಚಿನವರಿಗೂ ಕೇಳುವಂತೆ ನಕ್ಕೆ. ಅವಳು ಕಿಟಕಿಯ ಕಡೆ ತಿರುಗಿದಳು. ನನ್ನ ಮಾತಿಗೆ ಬೆಲೆಕೊಟ್ಟು ವೃತ್ತಗಳನ್ನು ದುಂಡಗೇ ಬರೆದಳು: ಹದಿನೇಳು ಅಡ್ಡಕೊಯ್ತ, ಹದಿನೇಳು ವೃತ್ತ.

ಹಾಳೆ ನಮ್ಮ ಮೇಲಧಿಕಾರಿಯ ಮೇಜಿಗೆ ಹೋಯಿತು. ಅವರು ನಮ್ಮಿಬ್ಬರನ್ನೂ ಕರೆಸಿದರು.

"ಏನಮ್ಮ ಇವೆಲ್ಲ ಸೊನ್ನೆಗಳು?"

"ನೀರಿನ ಪೈಪು ಸಾರ್. ನೆಲದಿಂದ ಮೂರಡಿ ಕೆಳಗದೆ."

"ರಸ್ತೆ ಬರೀರಿ ಅಂದ್ರೆ ಪಾತಾಳ ಬರ್ದಿದ್ದೀರಲ್ಲ! ನಾಳೆ ಎರೆಹುಳ, ಇಲಿ ಬಿಲ ಎಲ್ಲಾನೂ ಬರೀತೀರೇನು?"

ಅಲ್ಲಿದ್ದ ಮೂವರು ಗುಮಾಸ್ತರು ನಕ್ಕರು. ಆ ಮೂವರಲ್ಲಿ ಇಬ್ಬರ ಮಕ್ಕಳ ಮದುವೆಗೆ ನಾನು ಹೋಗಲಿಲ್ಲ. ಮೂರನೆಯವರು ಕರೆಯಲೇ ಇಲ್ಲ, ಅದನ್ನೂ ಮರೆತಿಲ್ಲ. "ಕೆರೆದು ತೆಗೀರಿ" ಎಂದು ಅಧಿಕಾರಿ ಹಾಳೆಯನ್ನು ನೂಕಿದರು. ಶಾಯಿಯ ಗೆರೆಯನ್ನು ಅಳಿಸುವುದೆಂದರೆ ಬ್ಲೇಡಿನ ಮೂಲೆಯಿಂದ ಬಟ್ಟೆಯ ಮೇಲ್ಪದರವನ್ನು ಕೆರೆಯುವುದು.

ಇಷ್ಟು ಜನರ ತಪ್ಪನ್ನು ಬರೆದಿಟ್ಟ ಮೇಲೆ ನನ್ನದನ್ನು ಬಿಡುವುದು ನ್ಯಾಯವಲ್ಲ. ಅರ್ಧ ಬ್ಲೇಡನ್ನು ನನ್ನ ಮೇಜಿನ ಡ್ರಾಯರಿನಿಂದ ತೆಗೆದು ಅವಳ ಕೈಗೆ ಕೊಟ್ಟವನು ನಾನು. ಕೊಡುವಾಗ, "ಹುಷಾರು, ಬಟ್ಟೆ ಹರಿದೀತು" ಎಂದೆ. ನನಗೆ ಆ ಹೊತ್ತಿನಲ್ಲಿ ಇದ್ದದ್ದು ಬಟ್ಟೆಯ ಚಿಂತೆ. ಅವಳು ಮಧ್ಯಾಹ್ನವೆಲ್ಲ ತಲೆ ತಗ್ಗಿಸಿಕೊಂಡು ಹದಿನೇಳು ವೃತ್ತಗಳನ್ನೂ ಕೆರೆದಳು. ಮರುದಿನ ರೈಲಿನಲ್ಲಿ ಮಾತಾಡಿದಳು, ಎಂದಿನಂತೆ, ಉಪ್ಪಿನಕಾಯಿಯ ಬಗ್ಗೆ. ಆದರೆ ನಿವೃತ್ತಿಯವರೆಗೆ ಅವಳು ಯಾವ ರಸ್ತೆಯಡಿಯಲ್ಲೂ ಮತ್ತೊಂದು ಗೆರೆಯನ್ನು ಎಳೆಯಲಿಲ್ಲ. ಆ ವಿಷಯವನ್ನು ನಾನೂ ಎತ್ತಲಿಲ್ಲ. ಎತ್ತಲು ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲವಿತ್ತು.

ಅವಳು ಹೋದ ಮೇಲೆ ಅಟ್ಟದ ಮೇಲೆ ನಕ್ಷೆ ಸುತ್ತಿಡುವ ತಗಡಿನ ಡಬ್ಬದಲ್ಲಿ ಒಂದೇ ಒಂದು ಟ್ರೇಸಿಂಗ್ ಬಟ್ಟೆ ಸಿಕ್ಕಿತು. ಉಳಿದುವನ್ನೆಲ್ಲ ಒಗೆದು ಕರವಸ್ತ್ರ ಮಾಡಿದವಳು ಅದೊಂದನ್ನು ಒಗೆದಿರಲಿಲ್ಲ.

ಆ ಬಟ್ಟೆಯನ್ನೇ ನಾನು ಮದ್ದೂರಿಗೆ ಒಯ್ದದ್ದು. ಕಿಟಕಿಯ ಗಾಜಿಗೆ ಹಿಡಿದರೆ, ಕೆರೆದ ಜಾಗಗಳಲ್ಲಿ ಬಟ್ಟೆ ತೆಳುವಾಗಿ, ಬೆಳಕು ಹೆಚ್ಚು ಹಾಯ್ದು, ಹದಿನೇಳು ಬಿಳಿಯ ಉಂಗುರಗಳು ಕಾಣುತ್ತಿದ್ದವು. ಪಕ್ಕದಲ್ಲಿ ಅವಳ ಪೆನ್ಸಿಲಿನ ಅಂಕಿಗಳು ಅಳಿಯದೆ ಉಳಿದಿದ್ದವು. ನನಗೆ ಬೇಕಾಗಿದ್ದದ್ದು ಇಷ್ಟೇ: ಆ ವೃತ್ತಗಳು ಅದೇ ರಸ್ತೆಯ ನಕ್ಷೆಗೆ ಮರಳಿ ಬರಬೇಕು. ನಾನು ಬ್ಲೇಡು ಕೊಟ್ಟು ತೆಗೆಸಿದ್ದನ್ನು ನಾನೇ ಮುಂದೆ ನಿಂತು ಬರೆಸಬೇಕು.

ಕಂಪ್ಯೂಟರಿನ ಮುಂದೆ ಕೂತಿದ್ದ ಇಂಜಿನಿಯರು ಕೆರಗೋಡಿನ ಕಡೆಯ ಹುಡುಗಿ. ನನ್ನನ್ನು "ಸಾರ್" ಎಂದಳು. ಎರಡನೆಯ ದಿನ ಗಿಡ್ಡಕಾಲಿನ ಕುರ್ಚಿಯನ್ನು ಬದಲಿಸಿ ತನ್ನ ಪಕ್ಕದಲ್ಲೇ ಒಳ್ಳೆಯ ಕುರ್ಚಿ ಹಾಕಿಸಿದಳು. ಒಳ್ಳೆಯದನ್ನೂ ನಾನು ಮರೆಯುವುದಿಲ್ಲ. ಅವಳ ಸಾಫ್ಟ್‌ವೇರಿನಲ್ಲಿ ಅಡ್ಡಕೊಯ್ತವನ್ನು ಕೈಯಿಂದ ಬರೆಯುವುದಿಲ್ಲ. ಮೇಲಿನಿಂದ ನೋಡಿದಂತೆ ರಸ್ತೆಯ ನಕ್ಷೆಯಲ್ಲಿ ಕೊಳವೆಯ ಗೆರೆಯನ್ನು ಒಮ್ಮೆ ಎಳೆದರೆ ಸಾಕು. ಕೊಯ್ತದ ಗೆರೆ ಅದನ್ನು ಎಲ್ಲೆಲ್ಲಿ ದಾಟುತ್ತದೋ ಅಲ್ಲಲ್ಲಿ ವೃತ್ತ ತಾನಾಗಿ ಮೂಡುತ್ತದೆ. ನಾನು ಅಂಕಿಗಳನ್ನು ಓದಿದೆ, ಅವಳು ಗೆರೆ ಎಳೆದಳು. ವೃತ್ತ ಮೂಡಲಿಲ್ಲ.

"ಲೈನ್ ಎಳ್ದಿದ್ದೀನಿ ಸಾರ್, ಸೆಕ್ಷನ್ನಲ್ಲಿ ಕಾಣ್ತಾನೇ ಇಲ್ಲ ನಿಮ್ ಪೈಪು." ಅವಳು ಪರದೆಯನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಸರಿಸುತ್ತಾ ಹೋದಳು. ರಸ್ತೆ ಮೇಲೆಲ್ಲೋ ಎಳೆಯಾಗಿ ಮಾಯವಾಯಿತು. "ಅಯ್ಯೋ! ಲೆವೆಲ್ಲೇ ಕೊಟ್ಟಿಲ್ಲ ನಾನು. ಸೊನ್ನೆಗೆ ಹೋಗಿ ಕೂತಿದೆ, ಸಮುದ್ರದ ಮಟ್ಟಕ್ಕೆ. ಆರುನೂರು ಮೀಟರು ಕೆಳಗೆ!"

"ಪಾತಾಳಕ್ಕೆ ಹೋಗಿದೆ ಅನ್ನಮ್ಮ," ಎಂದೆ.

ಅವಳು ಗಟ್ಟಿಯಾಗಿ ನಕ್ಕಳು. ಆ ನಗೆಯಲ್ಲಿ ಕೊಂಕಿರಲಿಲ್ಲ. ಆದ್ದರಿಂದ ಅದನ್ನು ನಾನು ಆ ಹಳೆಯ ನಗೆಗಳ ಸಾಲಿಗೆ ಸೇರಿಸಲಿಲ್ಲ. ನೆಲದ ಮಟ್ಟದಿಂದ ಮೂರಡಿ ಕಳೆದು ಮಟ್ಟ ಕೊಟ್ಟ ಕೂಡಲೇ ಹದಿನೇಳೂ ಸಾಲಾಗಿ ಮೇಲೆದ್ದು ಬಂದವು. ಆದರೆ ಒಂದೂ ದುಂಡಗಿರಲಿಲ್ಲ. ಎಲ್ಲವೂ ನಿಲ್ಲಿಸಿದ ಮೊಟ್ಟೆಗಳು.

"ಇದೇನಮ್ಮ, ಹೀಗೆ?"

"ಮೇಲ್ಕೆಳಕ್ಕೆ ಸ್ಕೇಲ್ ಜಾಸ್ತಿ ಇಟ್ಟಿದ್ದೀವಲ್ಲ ಸಾರ್, ಹಾಗೇ ಬರ್ಬೇಕು. ಗುಂಡಗೆ ಬರೆದ್ರೆ ತಪ್ಪು."

ಆ ಸಣ್ಣ ನಿಲ್ದಾಣದಲ್ಲಿ ನಿಂತ ರೈಲಿಗೆ ಹಿಂದಿರುಗಲು ಈಗ ಯಾವ ಟಿಕೆಟೂ ಇಲ್ಲ. ಇದ್ದಿದ್ದರೆ ಎದುರಿನ ಬೆಂಚಿನವರಿಗೂ ಕೇಳುವಂತೆ ಹೇಳಿಬರುತ್ತಿದ್ದೆ.

ಮ್ಯಾನೇಜರು ಬಂದು ಪರದೆಯನ್ನೂ ಬಟ್ಟೆಯನ್ನೂ ನೋಡಿದರು. ಮದ್ದೂರಿನಿಂದ ಹೊರಟರೆ ರಸ್ತೆಯ ಎಡಬದಿಗೆ ಬಂದಿತ್ತು ಕೊಳವೆ. ಅದನ್ನು ಉಳಿಸಬೇಕಾದರೆ ಎಡ ಚರಂಡಿಯನ್ನು ಒಂದು ಮಾರು ಆಚೆ ತಳ್ಳಬೇಕು. "ಒಂದು ಬಟ್ಟೆ ತುಂಡು ನಂಬ್ಕೊಂಡು ಚರಂಡಿ ತಿರುಗ್ಸೋಕಾಗಲ್ಲ. ಗುಂಡಿ ತೋಡಿ ನೋಡಿ. ಸಿಕ್ಕಿದ್ರೆ ಇರಲಿ, ಇಲ್ಲಾಂದ್ರೆ ಹದಿನೇಳೂ ಡಿಲೀಟ್ ಮಾಡಿ," ಎಂದರು. ಬಟ್ಟೆ ತುಂಡು! ಆ ಎರಡು ಪದಗಳನ್ನು ನಾನು ಜತನವಾಗಿ ಇಟ್ಟುಕೊಂಡಿದ್ದೇನೆ. ಆದರೆ ಆ ಕ್ಷಣ ನನ್ನನ್ನು ಕುಗ್ಗಿಸಿದ್ದು ಮೂರನೆಯ ಪದ. ಬ್ಲೇಡು ಹೋಗಿ ಡಿಲೀಟ್ ಬಂದಿತ್ತು. ಅವಳ ಕೆಲಸವನ್ನು ಎರಡನೆಯ ಸಲ ಅಳಿಸಲು ಈಗ ಒಂದು ಮಧ್ಯಾಹ್ನವೂ ಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಆ ಊರಿಗೆ ಹೋದೆವು. ನಾನು, ಇಂಜಿನಿಯರು, ಹಾರೆ ಗುದ್ದಲಿ ಹಿಡಿದ ಇಬ್ಬರು ಆಳುಗಳು. ಊರ ಮುಂದಿನ ಮೋರಿಗೆ ಎರಡೂ ಬದಿಯಲ್ಲಿ ಹಳೆಯ ಕಲ್ಲಿನ ಕಟ್ಟೆಗಳು ಹಾಗೇ ಉಳಿದಿದ್ದವು. ಎಡಗಟ್ಟೆಯ ಒಳಮುಖದಿಂದ ನಾಲ್ಕು ಅಡಿ ಒಂಬತ್ತು ಅಂಗುಲ ಎಂದು ಬಟ್ಟೆ ಹೇಳುತ್ತಿತ್ತು. ನಾನೇ ಟೇಪು ಹಿಡಿದು ಗುರುತು ಹಾಕಿದೆ. ಮೂರಡಿ ಅಗೆದರು, ಮಣ್ಣು. ನಾಲ್ಕಡಿ, ಜಲ್ಲಿ, ಒಂದು ಹಳೆಯ ಚಪ್ಪಲಿ. ಐದಡಿ ಇಳಿದು, ಅಗಲಕ್ಕೂ ಎರಡಡಿ ಕೆದಕಿದರು. ಇರಲಿಲ್ಲ.

ಇಂಜಿನಿಯರು ದೂರ ಹೋಗಿ ಮ್ಯಾನೇಜರಿಗೆ ಫೋನು ಮಾಡಿದಳು. "ಸಾಯಂಕಾಲದವರೆಗೂ ಟೈಮ್ ಕೊಡಿ ಸಾರ್, ಪ್ಲೀಸ್" ಎಂದದ್ದು ಕೇಳಿಸಿತು. ಅವಳು ನನ್ನ ಮುಖ ನೋಡದಂತೆ ನಿಂತದ್ದರಲ್ಲೇ ಆಚೆಯವರ ಉತ್ತರವಿತ್ತು.

ಗುಂಡಿಯ ಪಕ್ಕದ ಮನೆಯ ಜಗಲಿಯ ಮೇಲೆ ಒಬ್ಬ ಮುದುಕಿ ಅವರೆಕಾಯಿ ಸುಲಿಯುತ್ತ ಬೆಳಗಿನಿಂದ ನಮ್ಮನ್ನೇ ನೋಡುತ್ತಿದ್ದಳು.

"ಏನ್ ಸ್ವಾಮಿ, ನಿಧಿ ಸಿಕ್ತಾ?"

"ನೀರಿನ ಪೈಪು ಹುಡುಕ್ತಿದ್ದೀವಿ ತಾಯಿ. ಎಡಕ್ಕಿದೆ ಅಂತ ಬರ್ದಿದೆ."

"ಯಾರ್ ಬರ್ದೋರು?"

"ನನ್ನ ಹೆಂಡ್ತಿ."

"ಮತ್ತೆ ಅವಳ್ನೇ ಕೇಳದ್ ಬುಟ್ಟು ಈ ಪಾಟಿ ನೆಲ ಬಗೀತಿದ್ದೀರಲ್ಲ!"

"ಅವಳಿಲ್ಲ ತಾಯಿ. ಹೋಗ್ಬಿಟ್ಳು."

ಮುದುಕಿ ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟಳು. "ಯಾವೂರ್ ಎಣ್ಣು?" ಎಂದಳು.

"ಮಳವಳ್ಳಿ ಕಡೆ. ಅವಳಪ್ಪ ನೀರುಗಂಟಿ."

"ನೀರ್ಗಂಟಿ ಮಗ್ಳಾ! ಅಂಗಾರೆ ಯಾವ್ ಎಡ ಬರ್ದವ್ಳೆ ಕೇಳು. ನೀರಿನ್ ಎಡ್ವೋ, ಬಸ್ಸಿನ್ ಎಡ್ವೋ?"

"ಅಂದ್ರೆ?"

"ಓದ್ದೋನಿಗೆ ನಾನೇಳ್ಬೇಕಾ? ಟ್ಯಾಂಕು ಅಗೋ, ಮಳೊಳ್ಳಿ ಕಡಿಕದೆ. ನೀರು ಅತ್ತಗಿಂದ ಇತ್ತಗ್ ಬತ್ತದೆ. ನೀರ್ ಜೊತೇಲಿ ನಿಂತ್ಕಂಡ್ ನೋಡು, ಬುಡು ನಿನ್ ಮದ್ದೂರ್ ಬಸ್ಸ!"

ನಾಲೆಯ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಇದಕ್ಕಿಂತ ನಾಚಿಕೆಯ ಮಾತಿಲ್ಲ. ಎಡದಂಡೆ, ಬಲದಂಡೆ ಎಂಬುದನ್ನು ಹೇಳುವುದು ನೀರು ಹರಿಯುವ ದಿಕ್ಕಿಗೆ ಮುಖಮಾಡಿ ನಿಂತು. ಇದು ಇಲ್ಲಿಯ ಮಕ್ಕಳಿಗೂ ಗೊತ್ತು. ಆದರೆ ರಸ್ತೆಯ ಕಚೇರಿಗೆ ಬೇರೆ ಕ್ರಮ: ಮದ್ದೂರು ಮೊದಲು, ಮಳವಳ್ಳಿ ಕೊನೆ. ಅವಳು ತನ್ನ ತಂದೆಯ ಪದ್ಧತಿಯಲ್ಲಿ, ಟ್ಯಾಂಕಿಗೆ ಬೆನ್ನುಮಾಡಿ, ನೀರಿನೊಂದಿಗೆ ಮದ್ದೂರಿನತ್ತ ನಡೆದು ಅಳತೆ ಬರೆದುಕೊಂಡಿದ್ದಳು. ಹದಿನೇಳು ವೃತ್ತಗಳನ್ನೂ ಆ ಮುಖದ ಎಡಕ್ಕೇ ಬರೆದಿದ್ದಳು. ನಾವು ಅಗೆದದ್ದು ಮಳವಳ್ಳಿಯತ್ತ ಮುಖಮಾಡಿ. ಆ ಊರಿನ ಬಳಿ ನೆಲ ಎರಡೂ ಬದಿಗೆ ಸಮವಾಗಿದ್ದುದರಿಂದ ತಿರುವುಮುರುವಾದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಟ್ಟೆಯ ಮೂಲೆಯಲ್ಲಿ 'ಪರಿಶೀಲಿಸಿದವರು' ಎಂಬ ಮನೆಯಲ್ಲಿರುವ ಸಹಿ ನನ್ನದು. ಬೇರೆಯವರ ಹಾಳೆಗಳಲ್ಲಿ ಅರ್ಧ ಅಂಗುಲದ ತಪ್ಪು ಹಿಡಿದವನು, ಹೆಂಡತಿ ಯಾವ ದಿಕ್ಕಿಗೆ ಮುಖಮಾಡಿ ನಿಂತಿದ್ದಳೆಂದು ಕೇಳಿರಲೇ ಇಲ್ಲ.

ರಸ್ತೆ ದಾಟಿ, ಎದುರಿನ ಕಟ್ಟೆಯಿಂದ ಅಳೆದು, ಮತ್ತೆ ಗುರುತು ಹಾಕಿದೆವು. ಮೂರಡಿ ಮುಟ್ಟುವಷ್ಟರಲ್ಲಿ ಹಾರೆ ಠಣ್ ಎಂದಿತು.

"ಸಿಕ್ತು ಕಣ್ಲಾ! ಮೆಲ್ಲುಕ್ ಆಕ್ಲಾ ಹಾರೆಯ, ತೂತ್ ಮಾಡ್ಬುಟ್ಟೀಯೆ!" ಎಂದು ಒಬ್ಬ ಆಳು ಇನ್ನೊಬ್ಬನನ್ನು ಗದರಿದ. "ನೀನ್ ಬಾಯ್ ಮುಚ್ಕಂಡ್ರೆ ಮೆಲ್ಲುಗೇ ಬತ್ತದೆ," ಎಂದ ಅವನು, ಕೈಯಿಂದಲೇ ಮಣ್ಣು ಸರಿಸತೊಡಗಿದ. ಜಗಲಿಯ ಮುದುಕಿ ಅಲ್ಲಿಂದಲೇ, "ಓದ್ದೋರು ಕಣಮ್ಮ!" ಎಂದು ಅವರೆಕಾಯಿಗೆ ಮರಳಿದಳು.

ಇಂಜಿನಿಯರು ಲ್ಯಾಪ್‌ಟಾಪನ್ನು ಮೋರಿಯ ಕಟ್ಟೆಯ ಮೇಲೆ ತೆರೆದು ಗೆರೆಯನ್ನು ಈ ಬದಿಗೆ ತಿರುಗಿಸಿದಳು. ಒಂದೊಂದೇ ಅಡ್ಡಕೊಯ್ತವನ್ನು ನನಗೆ ತೋರಿಸಿದಳು. ಹದಿನೇಳರಲ್ಲೂ ಆ ಉದ್ದನೆಯ ವೃತ್ತ ತನ್ನ ಜಾಗಕ್ಕೆ ಬಂದು ಕೂತಿತ್ತು. "ಮಾಹಿತಿಯ ಆಧಾರ ಅಂತ ಒಂದು ಕಾಲಂ ಇದೆ ಸಾರ್. ಏನು ಹಾಕ್ಲಿ?"

"ಉಪವಿಭಾಗದ ಟ್ರೇಸರ್ ಖುದ್ದಾಗಿ ಅಳೆದು ಬರೆದ ನಕ್ಷೆ ಅಂತ ಹಾಕಮ್ಮ."

"ಪರಿಶೀಲಿಸಿದವರು ನೀವೇ ಅಲ್ವಾ? ನಿಮ್ಮ ಹೆಸರೂ ಹಾಕ್ಲಾ?"

"ಬೇಡ. ಆ ಮನೆ ಖಾಲಿ ಬಿಡು."

ಗುಂಡಿ ಮುಚ್ಚುವ ಮುನ್ನ ನಾನು ಇಳಿಯುತ್ತೇನೆಂದೆ. ಈ ವಯಸ್ಸಿನಲ್ಲಿ ಯಾಕೆಂದು ಇಂಜಿನಿಯರು ತಡೆದಳು. ಆಳುಗಳು ಹೆಗಲು ಕೊಟ್ಟು ಇಳಿಸಿದರು. ಮೊಣಕಾಲೂರಿ ಕುಳಿತು ಕೊಳವೆಯ ಮೇಲೆ ಅಂಗೈಯಿಟ್ಟೆ. ತಣ್ಣಗಿತ್ತು. ಟ್ಯಾಂಕಿನಿಂದ ನೀರು ಬಿಟ್ಟಿದ್ದರೆಂದು ತೋರುತ್ತದೆ, ಒಳಗೆ ಏನೋ ಸಣ್ಣಗೆ ನಡುಗುತ್ತ ನನ್ನ ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಸಾಗುತ್ತಿತ್ತು. ಟೇಪಿನ ತುದಿಯನ್ನು ಕಟ್ಟೆಗೆ ಹಿಡಿಯಲು ಆಳಿಗೆ ಹೇಳಿ, ಕೊಳವೆಯ ನಡುವಿಗೆ ಎಳೆದು ನೋಡಿದೆ. ನಾಲ್ಕು ಅಡಿ ಏಳು ಅಂಗುಲ. ಮತ್ತೆ ಅಳೆದೆ. ಏಳೇ.

ಎರಡು ಅಂಗುಲ ಕಡಿಮೆ. ಕಟ್ಟೆಗೆ ಆಮೇಲೆ ಯಾರಾದರೂ ಗಾರೆ ಬಳಿದಿರಬಹುದು. ಅಂದು ಟೇಪು ಜೋಲುಬಿದ್ದಿರಬಹುದು. ಕೊಳವೆಯ ನಡುವಿನ ಬದಲು ಆಚೆಯ ಅಂಚಿಗೆ ಅವಳು ಅಳೆದಿರಬಹುದು. ಹಾಗಿದ್ದರೆ ತಪ್ಪು ಅವಳದಲ್ಲ, ಅದನ್ನು ನಡು ಎಂದು ಓದಿದ ನನ್ನದು. ಕಚೇರಿಯಲ್ಲಾಗಿದ್ದರೆ ನಾನು ಕೆಂಪು ಪೆನ್ಸಿಲಿನಲ್ಲಿ ಸುತ್ತುಹಾಕುತ್ತಿದ್ದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಳತೆ ಪುಸ್ತಕ ತೆರೆದು, ಬೆರಳಿಟ್ಟು ತೋರಿಸುತ್ತಾ, ಮನೆ ಸೇರಿದ ಮೇಲೂ ಬಿಡದೆ ವಾದಿಸುತ್ತಿದ್ದಳು. ಈ ಮೂರು ಕಾರಣಗಳಲ್ಲಿ ಯಾವುದೆಂದು ಹೇಳಬಲ್ಲವಳು ಅವಳೊಬ್ಬಳೇ. ನಾಲ್ಕು ವರ್ಷದಲ್ಲಿ ಅವಳನ್ನು ಅಷ್ಟು ತೀವ್ರವಾಗಿ ಬಯಸಿದ್ದು ನನಗೆ ನೆನಪಿಲ್ಲ, ಬಯಸಿದ್ದು ಜಗಳವಾಡಲು.

"ಎರಡಂಗುಲ ಕಮ್ಮಿ ಬಂತಲ್ಲೇ," ಎಂದೆ.

"ಏನಂದ್ರಿ ಸಾ?" ಎಂದು ಮೇಲೆ ಗುದ್ದಲಿ ಹಿಡಿದು ಕಾಯುತ್ತಿದ್ದ ಆಳು ಬಗ್ಗಿ ಕೇಳಿದ.

ಇನ್ನೊಂದು ಸಲ ಅಳೆಯಬೇಕು, ಈಗಲೇ ಮಣ್ಣು ಹಾಕಬೇಡಿ ಎಂದೆ.